ರಷ್ಯನ್ ಕಲಿಯಹೊರಟ ಕನ್ನಡಿಗರಿಗೆ



ರಷ್ಯನ್ ಭಾಷೆ ಬಹಳ ಕಷ್ಟವಂತೆ, ಹೌದೆ? ಆ ಭಾಷೆಯ ಹೆಸರೆತ್ತಿದ ಕೂಡಲೆ ನಮ್ಮ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಇದೇ. ಕೇಳುವವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದ ಪಾಠಪುಸ್ತಕವೊಂದನ್ನು ತಿರುವಿ ಹಾಕಿದವರಾಗಿರುತ್ತಾರೆ. ಅಂಥ ಪುಸ್ತಕಗಳು ಕಲಿಯುವವನನ್ನು ಹೊಸ್ತಿಲಲ್ಲೇ ಎಚ್ಚರಿಸುತ್ತವೆ: ಇಲ್ಲಿ ಆರು ವಿಭಕ್ತಿಗಳಿವೆ, ನಾಮಪದದ ಬಾಲ ಬದಲಾಗುತ್ತಲೇ ಇರುತ್ತದೆ, ವಾಕ್ಯದಲ್ಲಿ ಪದಗಳು ಅತ್ತಿಂದಿತ್ತ ಓಡಾಡುತ್ತವೆ, ಧೈರ್ಯಗೆಡಬೇಡಿ, ಎಂದು. ಆದರೆ ಈ ಎಚ್ಚರಿಕೆ ಯಾರಿಗಾಗಿ ಬರೆದದ್ದು? ಲಂಡನ್ನಿನ ಅಥವಾ ನ್ಯೂಯಾರ್ಕಿನ ಓದುಗನಿಗಾಗಿ. ಕಾಸರಗೋಡಿನಲ್ಲೋ ತಾಳವಾಡಿಯಲ್ಲೋ ಅಕ್ಕಲಕೋಟೆಯಲ್ಲೋ ಕುಳಿತು ಆ ಪುಟ ಓದುವವರು ಬೇರೆಯವರ ಭಯವನ್ನು ಸುಮ್ಮನೆ ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ.

ಅಮೆರಿಕದ ಸರಕಾರ ತನ್ನ ರಾಜತಾಂತ್ರಿಕ ಅಧಿಕಾರಿಗಳಿಗೆ ಪರಭಾಷೆಗಳನ್ನು ಕಲಿಸಲು ಒಂದು ಸಂಸ್ಥೆಯನ್ನು ನಡೆಸುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಯಾವ ಭಾಷೆ ಎಷ್ಟು ಹೊತ್ತು ಬೇಡುತ್ತದೆ ಎಂಬುದರ ಪಟ್ಟಿಯೊಂದು ಅವರಲ್ಲಿದೆ. ರಷ್ಯನ್ನಿಗೆ ಸುಮಾರು 44 ವಾರ, ಅಂದರೆ 1100 ತರಗತಿ ಗಂಟೆ. ಸ್ಪ್ಯಾನಿಷಿಗೆ ಅದಕ್ಕಿಂತ ಬಹಳ ಕಡಿಮೆ. ಇದನ್ನು ಓದಿದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಅದೇ ಪಟ್ಟಿಯ ಅದೇ ಸಾಲಿನಲ್ಲಿ ತಮಿಳೂ ಇದೆ, ತೆಲುಗೂ ಇದೆ! ಹೊಸೂರಿನ ಕನ್ನಡ ಮಗು ತಮಿಳನ್ನೂ ಆದವಾನಿಯ ಕನ್ನಡ ಮಗು ತೆಲುಗನ್ನೂ ಬೀದಿಯಲ್ಲಿ ಗೋಲಿಯಾಡುತ್ತ ಕಲಿತುಬಿಡುತ್ತವೆ. ಭಾಷೆಯ ಕಷ್ಟ ಎನ್ನುವುದು ಆ ಭಾಷೆಯಲ್ಲಿ ಎಷ್ಟಿದೆಯೋ, ಕಲಿಯುವವರು ಎಲ್ಲಿಂದ ಹೊರಟಿದ್ದಾರೆ ಎಂಬುದರಲ್ಲೂ ಅಷ್ಟೇ ಇದೆ.

ಒಂದು ಚಿಕ್ಕ ವಾಕ್ಯವನ್ನೇ ನೋಡೋಣ. 'ನನಗೆ ಚಳಿ.' ರಷ್ಯನ್ನಿನಲ್ಲಿ ಇದು 'ಮ್ನೇ ಖೋಲದ್ನ'. 'ಮ್ನೇ' ಎಂದರೆ ನನಗೆ, 'ಖೋಲದ್ನ' ಎಂದರೆ ಚಳಿ. ಎರಡೇ ಪದ, ನಮ್ಮದೇ ಕ್ರಮ, ನಮ್ಮದೇ ಚತುರ್ಥೀ ವಿಭಕ್ತಿ. ಇಂಗ್ಲಿಷಿನವನು ಇಲ್ಲಿ 'ನಾನು ಚಳಿಯಾಗಿದ್ದೇನೆ' ಎಂಬ ಧಾಟಿಯಲ್ಲಿ ಯೋಚಿಸುತ್ತಾನೆ, ಆದ್ದರಿಂದ ಅವನಿಗೆ ಇದೊಂದು ವಿಚಿತ್ರ. ನಮಗೆ ಇದು ದಿನನಿತ್ಯದ ಮಾತು. ಹೀಗೆಯೇ 'ನನಗೆ ಇಪ್ಪತ್ತು ವರ್ಷ', 'ನನಗೆ ಪುಸ್ತಕ ಬೇಕು', 'ನನಗೆ ಇಷ್ಟ' ಎಂಬಲ್ಲೆಲ್ಲ ರಷ್ಯನ್ನರೂ ಆ 'ನನಗೆ'ಯನ್ನೇ ಬಳಸುತ್ತಾರೆ. 'ನನ್ನ ಬಳಿ ಪುಸ್ತಕ ಇದೆ' ಎನ್ನುವುದಕ್ಕೆ ಅವರು 'ಉ ಮೆನ್ಯಾ ಯೆಸ್ತ್ ಕ್ನೀಗ' ಎನ್ನುತ್ತಾರೆ. 'ಉ ಮೆನ್ಯಾ' ಎಂದರೆ ನನ್ನ ಬಳಿ, 'ಯೆಸ್ತ್' ಎಂದರೆ ಇದೆ, 'ಕ್ನೀಗ' ಎಂದರೆ ಪುಸ್ತಕ. ಇಂಗ್ಲಿಷಿನಂತೆ 'ಹೊಂದಿದ್ದೇನೆ' ಎಂದು ಹೇಳುವ ಗೋಜಿಲ್ಲ. 'ಅವನು ವೈದ್ಯ' ಎನ್ನಲು 'ಓನ್ ವ್ರಾಚ್' ಅಂದರೆ ಆಯಿತು. ನಡುವೆ 'ಆಗಿದ್ದಾನೆ' ಬೇಡ. ನಾಮಪದದ ಹಿಂದೆ ಇಂಗ್ಲಿಷಿನವರು ಅಂಟಿಸುವ 'ಎ' ಮತ್ತು 'ದಿ' ಅಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ತಲೆ ಸುತ್ತಿದಾಗ ನಾವು 'ತಲೆ ಸುತ್ತುತ್ತದೆ' ಎನ್ನುವಂತೆ ಅವರೂ ತಲೆಯನ್ನೇ ಸುತ್ತಿಸುತ್ತಾರೆ: 'ಕ್ರೂಜಿತ್ಸ ಗಲವಾ'.

ಆದ್ದರಿಂದ ಕನ್ನಡಿಗರು ರಷ್ಯನ್ ಕಲಿಯುವಾಗ ಮಾಡಬೇಕಾದ ಮೊದಲ ಕೆಲಸವೆಂದರೆ ನಡುವಿನ ಇಂಗ್ಲಿಷನ್ನು ಸಾಧ್ಯವಾದಷ್ಟು ಪಕ್ಕಕ್ಕೆ ಸರಿಸುವುದು. ಟಿಪ್ಪಣಿ ಪುಸ್ತಕದ ಎಡಗಡೆ ರಷ್ಯನ್, ಬಲಗಡೆ ಕನ್ನಡ. ಪಾಠಪುಸ್ತಕ ಇಂಗ್ಲಿಷಿನದೇ ಆಗಿರಬಹುದು, ಬೇರೆ ದಾರಿಯಿಲ್ಲ. ಆದರೆ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡರೆ ಅರ್ಧ ವ್ಯಾಕರಣ ತಾನಾಗಿ ತಿಳಿಯುತ್ತದೆ.

ಹಾಗಾದರೆ ರಷ್ಯನ್ ನಮಗೆ ಸುಲಭವೆ? ಖಂಡಿತ ಅಲ್ಲ. ಕಷ್ಟ ಇದೆ, ಆದರೆ ಅದು ಇಂಗ್ಲಿಷ್ ಪುಸ್ತಕ ಬೆರಳು ತೋರಿಸಿದ ಜಾಗದಲ್ಲಿ ಇಲ್ಲ.

ಲಿಪಿಯ ಮಾತನ್ನು ಬೇಗ ಮುಗಿಸಿಬಿಡೋಣ. 33 ಅಕ್ಷರಗಳು. ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ದಾಟಿ ಬಂದವರಿಗೆ ಎರಡು ವಾರದ ಕೆಲಸ. ಕೆಲವು ಅಕ್ಷರಗಳು ಇಂಗ್ಲಿಷಿನ ವೇಷ ಹಾಕಿಕೊಂಡು ಮೋಸ ಮಾಡುತ್ತವೆ, ಅಷ್ಟೆ. ಇಂಗ್ಲಿಷಿನ 'ಪಿ' ಆಕಾರದ್ದು ಅಲ್ಲಿ 'ರ', 'ಎಚ್' ಆಕಾರದ್ದು 'ನ', 'ಸಿ' ಆಕಾರದ್ದು 'ಸ', 'ಬಿ' ಆಕಾರದ್ದು 'ವ'. 'ರೆಸ್ತರಾನ್' ಎಂಬ ಫಲಕವನ್ನು ಹೊಸಬರು 'ಪೆಕ್ಟೋಪಾ' ಎಂದು ಓದುವುದು ಹಳೆಯ ನಗೆಮಾತು. ಕೈಬರಹ ಮಾತ್ರ ಇನ್ನೊಂದು ತಿಂಗಳು ಕಾಡುತ್ತದೆ. ಅಲ್ಲಿ 'ತ' ಅಕ್ಷರ ಇಂಗ್ಲಿಷಿನ ಚಿಕ್ಕ 'ಎಂ'ನಂತೆ ಕಾಣುತ್ತದೆ.

ನಿಜವಾದ ತೊಡಕು ಶುರುವಾಗುವುದು ಸ್ವರದ ಒತ್ತಿನಲ್ಲಿ. ಬರೆದ ಹಾಗೆ ಓದುವ ಭಾಷೆ ನಮ್ಮದು. ರಷ್ಯನ್ ಹಾಗಲ್ಲ. ಪದದ ಯಾವ ಸ್ವರದ ಮೇಲೆ ಒತ್ತು ಬೀಳುತ್ತದೆ ಎಂಬುದು ಪದಪದಕ್ಕೂ ಬೇರೆ, ಸಾಮಾನ್ಯ ಮುದ್ರಣದಲ್ಲಿ ಅದಕ್ಕೆ ಗುರುತೂ ಇರುವುದಿಲ್ಲ. ಒತ್ತು ಬೀಳದ 'ಒ'ಕಾರ 'ಅ'ಕಾರದ ಕಡೆ ವಾಲುತ್ತದೆ. ಹಾಲಿಗೆ 'ಮೊಲೊಕೊ' ಎಂದು ಬರೆದು 'ಮಲಕೋ' ಎಂದು ಓದಬೇಕು. ಒತ್ತು ಸ್ಥಳ ಬದಲಿಸಿದರೆ ಅರ್ಥವೂ ಬದಲು. ಮೊದಲ ಸ್ವರಕ್ಕೆ ಒತ್ತು ಕೊಟ್ಟು 'ಮೂಕ' ಎಂದರೆ ಯಾತನೆ. ಎರಡನೆಯದಕ್ಕೆ ಕೊಟ್ಟು 'ಮುಕಾ' ಎಂದರೆ ಹಿಟ್ಟು! 'ದೋರಗ' ಎಂದರೆ ದುಬಾರಿ, 'ದರೋಗ' ಎಂದರೆ ರಸ್ತೆ. ಇದಕ್ಕೆ ಕಿವಿಯೇ ಗುರು. ಹೊಸ ಪದವನ್ನು ಕಣ್ಣಿನಿಂದ ಕಲಿಯುವ ಮೊದಲು ಕಿವಿಯಿಂದ ಕಲಿತವರು ಮುಂದೆ ಹೋಗುತ್ತಾರೆ. ಕೇವಲ ಪುಸ್ತಕ ಹಿಡಿದವರು ಎರಡು ವರ್ಷದ ನಂತರವೂ ಮಾಸ್ಕೋದವರಿಗೆ ಅರ್ಥವಾಗದ ರಷ್ಯನ್ ಮಾತಾಡುತ್ತಿರುತ್ತಾರೆ.

ಧ್ವನಿಗಳ ವಿಷಯದಲ್ಲಿ ನಮ್ಮ ಗಡಿನಾಡಿನವರಿಗೆ ಒಂದು ಅನುಕೂಲ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ರಷ್ಯನ್ನಿನಲ್ಲಿ 'ಇ'ಯೂ ಅಲ್ಲದ 'ಉ'ವೂ ಅಲ್ಲದ ಒಂದು ಸ್ವರವಿದೆ, ನಾಲಗೆಯನ್ನು ಬಾಯಿಯ ನಡುವೆ ಎತ್ತಿ ಹಿಡಿದು ಹೇಳುವಂಥದ್ದು. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲ. ಆದರೆ ತುಳುವಿನಲ್ಲೂ ಮಲೆಯಾಳದಲ್ಲೂ ಪದದ ಕೊನೆಗೆ ಬರುವ ಅರ್ಧ ಉಕಾರ ಇದಕ್ಕೆ ಸಮೀಪದ ನೆಂಟ. ಕಾಸರಗೋಡಿನವರು ಅಲ್ಲಿಂದ ಹೊರಟರೆ ಬೇಗ ಮುಟ್ಟುತ್ತಾರೆ. 'ತ್ಸ' ಎಂಬ ಧ್ವನಿ ಮರಾಠಿಯ 'ಚ'ದ ಎರಡು ಉಚ್ಚಾರಗಳಲ್ಲಿ ಒಂದು, ಸೋಲಾಪುರ ಜತ್ತಿನ ಕಡೆಯವರಿಗೆ ಅದು ಬಾಯಿಪಾಠ. ಹಾಗೆಯೇ ಮೇಜು, ಕಿಟಕಿ, ಪುಸ್ತಕಗಳಿಗೆಲ್ಲ ಲಿಂಗ ಹಚ್ಚುವುದು ಕನ್ನಡಿಗರಿಗೆ ಹೊಸತು. ರಷ್ಯನ್ನಿನಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಮರಾಠಿ ಬಲ್ಲವರಿಗೆ ಈ ಮೂರು ಲಿಂಗಗಳ ಲೆಕ್ಕ ಅಭ್ಯಾಸವಾಗಿಯೇ ಇದೆ, ಎರಡು ಭಾಷೆಗಳ ಲಿಂಗಗಳು ಪರಸ್ಪರ ತಾಳೆಯಾಗದಿದ್ದರೂ. ಎಲ್ಲರಿಗೂ ಸಮಾನವಾಗಿ ಕಠಿಣವಾದದ್ದು ಮೃದು ವ್ಯಂಜನ. 'ಬ್ರಾತ್' ಎಂದರೆ ಸಹೋದರ. ಅದೇ ಕೊನೆಯ 'ತ್' ಹೇಳುವಾಗ ನಾಲಗೆಯ ನಡುಭಾಗವನ್ನು ಅಂಗುಳಕ್ಕೆ ಏರಿಸಿ, ಸ್ವಲ್ಪ ಯಕಾರದ ನೆರಳು ಬೀಳಿಸಿದರೆ 'ತೆಗೆದುಕೊಳ್ಳುವುದು' ಎಂದು ಅರ್ಥ. ನಮ್ಮ ಕಿವಿಗೆ ಮೊದಮೊದಲು ಎರಡೂ ಒಂದೇ.

ಈಗ ವಿಭಕ್ತಿಗೆ ಬರೋಣ. ವಿಭಕ್ತಿ ಎಂದರೇನು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮೇಜು, ಮೇಜನ್ನು, ಮೇಜಿನಿಂದ, ಮೇಜಿಗೆ, ಮೇಜಿನ, ಮೇಜಿನಲ್ಲಿ ಎಂದು ಶಾಲೆಯಲ್ಲೇ ಹಾಡಿದ್ದೇವೆ. ಆದರೆ ನಮ್ಮ ಪ್ರತ್ಯಯಗಳು ಎಲ್ಲ ಪದಗಳಿಗೂ ಬಹುಮಟ್ಟಿಗೆ ಒಂದೇ. ರಷ್ಯನ್ನಿನಲ್ಲಿ ಲಿಂಗ, ವಚನ, ವಿಭಕ್ತಿ ಮೂರೂ ಒಂದೇ ಪ್ರತ್ಯಯದಲ್ಲಿ ಕರಗಿಹೋಗಿರುತ್ತವೆ. ಮೇಜಿಗೆ 'ಸ್ತಲೂ', ಪುಸ್ತಕಕ್ಕೆ 'ಕ್ನೀಗೆ'. ಮೇಲಾಗಿ ವಿಶೇಷಣವೂ ನಾಮಪದದ ಜೊತೆ ಕುಣಿಯಬೇಕು. ಕನ್ನಡದ 'ಹೊಸ' ಯಾವ ಮೇಜಿನ ಮುಂದೆ ನಿಂತರೂ 'ಹೊಸ'ವೇ. ಅಲ್ಲಿ ಅದಕ್ಕೂ ಬಾಲ ಬದಲಾಗುತ್ತದೆ. ಇನ್ನೊಂದು ಎಚ್ಚರ: ನಮ್ಮ ವಿಭಕ್ತಿ ಅವರ ವಿಭಕ್ತಿಯ ಮೇಲೆ ಸರಿಯಾಗಿ ಕೂರುವುದಿಲ್ಲ. 'ಪೆನ್ನಿನಿಂದ ಬರೆದೆ', 'ಮಾಸ್ಕೋದಿಂದ ಬಂದೆ' ಎರಡಕ್ಕೂ ನಮ್ಮಲ್ಲಿ 'ಇಂದ' ಸಾಕು. ರಷ್ಯನ್ನರು ಮೊದಲನೆಯದಕ್ಕೆ ತೃತೀಯೆಯನ್ನು ಬಳಸುತ್ತಾರೆ, ಎರಡನೆಯದಕ್ಕೆ 'ಇಜ್' ಎಂಬ ಪದವನ್ನು ಮುಂದಿಟ್ಟು ಷಷ್ಠಿಯನ್ನು ತರುತ್ತಾರೆ. 'ಪುಸ್ತಕ ಇಲ್ಲ' ಎನ್ನುವಾಗಲೂ ಅವರಿಗೆ ಷಷ್ಠಿ ಬೇಕು, 'ಪುಸ್ತಕದ ಇಲ್ಲ' ಎಂದ ಹಾಗೆ. ಎಣಿಕೆಯಂತೂ ಒಂದು ತಮಾಷೆ. ಒಂದು 'ರೂಬ್ಲ್', ಎರಡಾದರೆ 'ರುಬ್ಲ್ಯಾ', ಐದಾದರೆ 'ರುಬ್ಲೇಯ್', ಇಪ್ಪತ್ತೊಂದು ಆದಾಗ ಮತ್ತೆ 'ರೂಬ್ಲ್'. ಈ ಪಟ್ಟಿಗಳನ್ನು ಉರುಹೊಡೆಯುವುದರಿಂದ ಪ್ರಯೋಜನ ಕಡಿಮೆ. ಒಂದೊಂದು ವಿಭಕ್ತಿಗೂ ದಿನನಿತ್ಯದ ಹತ್ತು ವಾಕ್ಯಗಳನ್ನು ಬಾಯಿಗೆ ತಂದುಕೊಂಡರೆ ಪಟ್ಟಿ ತಾನೇ ಹಿಂದಿನಿಂದ ಬರುತ್ತದೆ.

ಇಷ್ಟಾದರೂ ಇವೆಲ್ಲ ಒಂದು ವರ್ಷದಲ್ಲಿ ಹಿಡಿತಕ್ಕೆ ಬರುವಂಥವು. ವರ್ಷಗಟ್ಟಲೆ ಬೆನ್ನು ಬಿಡದಿರುವುದು ಕ್ರಿಯಾಪದ. ರಷ್ಯನ್ನಿನ ಹೆಚ್ಚಿನ ಕ್ರಿಯಾಪದಗಳು ಜೋಡಿಯಾಗಿ ಬಾಳುತ್ತವೆ. ಒಂದು ಕೆಲಸ ನಡೆಯುತ್ತಿದ್ದುದನ್ನು ಅಥವಾ ಮತ್ತೆ ಮತ್ತೆ ನಡೆದುದನ್ನು ಹೇಳುತ್ತದೆ, ಇನ್ನೊಂದು ಅದು ಮುಗಿದು ಫಲ ಬಂದುದನ್ನು ಹೇಳುತ್ತದೆ. 'ಪಿಸಾಲ್' ಎಂದರೆ ಬರೆಯುತ್ತಿದ್ದೆ, ಬರೆಯುವ ಕೆಲಸದಲ್ಲಿದ್ದೆ. 'ನಪಿಸಾಲ್' ಎಂದರೆ ಬರೆದು ಮುಗಿಸಿದೆ. ವಿದ್ಯಾರ್ಥಿಗಳಿಗೆ ಬೇಗ ಮನದಟ್ಟಾಗುವ ಜೋಡಿ ಒಂದಿದೆ. ಪರೀಕ್ಷೆಯ ವಿಷಯದಲ್ಲಿ 'ಸ್ದವಾಲ್' ಎಂದರೆ ಪರೀಕ್ಷೆಗೆ ಕುಳಿತಿದ್ದೆ, 'ಸ್ದಾಲ್' ಎಂದರೆ ಪಾಸಾದೆ. ಊರಿಗೆ ಫೋನು ಮಾಡುವಾಗ ಯಾವುದನ್ನು ಹೇಳುತ್ತೀರಿ ಎಂಬುದರ ಮೇಲೆ ಮನೆಯವರ ನಿದ್ದೆ ನಿಂತಿದೆ! ಕನ್ನಡದ 'ಓದಿದೆ', 'ಓದಿಬಿಟ್ಟೆ', 'ಓದಿ ಮುಗಿಸಿದೆ' ಎಂಬ ವ್ಯತ್ಯಾಸ ಇಲ್ಲಿ ಒಂದು ಮಟ್ಟಿಗೆ ದಾರಿದೀಪವಾಗುತ್ತದೆ. ಆದರೆ ನಮ್ಮಲ್ಲಿ 'ಬಿಡು' ಸೇರಿಸುವುದು ಮಾತಾಡುವವರ ಇಷ್ಟ. ಅವರಲ್ಲಿ ಪ್ರತಿ ಸಲವೂ ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಚಲನೆಯ ಕ್ರಿಯಾಪದಗಳು ಇದಕ್ಕಿಂತ ಒಂದು ಕೈ ಮೇಲು. 'ನಾನು ಶಾಲೆಗೆ ಹೋಗುತ್ತೇನೆ' ಎಂಬ ನಮ್ಮ ಒಂದು ವಾಕ್ಯಕ್ಕೆ ಅವರಲ್ಲಿ ನಾಲ್ಕು ಬಾಗಿಲು. ಈಗ ನಡೆದುಕೊಂಡು ಹೋಗುತ್ತಿದ್ದರೆ 'ಇದೂ', ದಿನಾ ನಡೆದು ಹೋಗುವವರಾದರೆ 'ಖಜೂ', ಈಗ ಬಸ್ಸಿನಲ್ಲಿದ್ದರೆ 'ಯೇದು', ದಿನಾ ಬಸ್ಸಿನಲ್ಲಿ ಹೋಗುವವರಾದರೆ 'ಯೇಜ್ಜು'. ಈ ಪದಗಳಲ್ಲಿ 'ಜ' ಎಂದು ನಾನು ಹೇಳುತ್ತಿರುವುದು ನಿಜವಾಗಿ ನಮ್ಮ ಜಕಾರವಲ್ಲ, 'ಶ'ಕಾರಕ್ಕೆ ಕಂಠದ ನಾದ ಸೇರಿಸಿದ ಧ್ವನಿ. ಅದು ಹಾಗಿರಲಿ. ಅಂಗಡಿಗೆ ಹೋಗಿ ವಾಪಸು ಬಂದಾಗ ಅವರು 'ಖದೀಲ್' ಎನ್ನುತ್ತಾರೆ. ನಮ್ಮ 'ಹೋಗಿಬಂದೆ' ಎಂಬುದು ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ, ನೋಡಿ. ಇಂಗ್ಲಿಷ್ ಪುಸ್ತಕ ಅರ್ಧ ಪುಟ ವಿವರಿಸುವುದನ್ನು ಕನ್ನಡ ಒಂದು ಪದದಲ್ಲಿ ಹೇಳುತ್ತದೆ.

ಇನ್ನೊಂದು ಭ್ರಮೆಯ ಬಗೆಗೂ ಹೇಳಬೇಕು. ರಷ್ಯನ್ ಸಂಸ್ಕೃತದ ಮಗಳೇ ಎಂದು ಉತ್ಸಾಹದಿಂದ ಹೇಳುವವರಿದ್ದಾರೆ. ದ್ವಾರಕ್ಕೆ 'ದ್ವೇರ್', ಧೂಮಕ್ಕೆ 'ದಿಮ್', ವಿಧವೆಗೆ 'ವ್ದವಾ', ಅಗ್ನಿಗೆ 'ಅಗೋನ್', ಭ್ರಾತೃವಿಗೆ 'ಬ್ರಾತ್' ಎಂದು ಪಟ್ಟಿ ಕೊಡುತ್ತಾರೆ. ಈ ಪದಗಳ ನೆಂಟಸ್ತಿಕೆ ನಿಜ, ಎರಡೂ ಭಾಷೆಗಳು ಒಂದೇ ಹಳೆಯ ಕುಟುಂಬದವು. ತತ್ಸಮ ಬಲ್ಲ ಕನ್ನಡಿಗರಿಗೆ ಇವು ನೆನಪಿಡಲು ಸುಲಭ. ಆದರೆ ಇಂಥ ಪದಗಳನ್ನು ನಂಬಿ ರಷ್ಯನ್ ಪತ್ರಿಕೆ ಓದಹೊರಟರೆ ಎರಡನೆಯ ಸಾಲಿನಲ್ಲೇ ಕೈ ಸೋಲುತ್ತದೆ. ನಮಗೆ ಹೆಚ್ಚು ನೆರವಾಗುವುದು ಕನ್ನಡದ ವಾಕ್ಯರಚನೆ, ಸಂಸ್ಕೃತದ ಪದಕೋಶವಲ್ಲ.

ಇಷ್ಟೆಲ್ಲ ಪಾಡು ಪಟ್ಟು ಏಕೆ ಕಲಿಯಬೇಕು? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ರಾಜ್ಯದ ಭಾಷೆ, ಮೇಲೆ ಹಿಂದಿ, ಇಂಗ್ಲಿಷ್ ಎಂದು ಈಗಾಗಲೇ ಹೊರೆ ಹೊತ್ತ ಗಡಿನಾಡಿನ ಮಕ್ಕಳ ಪರವಾಗಿ ಈ ಪ್ರಶ್ನೆ ನ್ಯಾಯವಾದದ್ದೇ.

ಒಂದು ಕಾಲಕ್ಕೆ ಉತ್ತರ ಸಿದ್ಧವಾಗಿತ್ತು. ಭಿಲಾಯಿ ಉಕ್ಕಿನ ಕಾರ್ಖಾನೆಗೆ 1955ರಲ್ಲಿ ಒಪ್ಪಂದವಾದ ಮೇಲೆ ಇಂಜಿನಿಯರುಗಳಿಗೂ ದುಭಾಷಿಗಳಿಗೂ ರಷ್ಯನ್ ಬೇಕಾಯಿತು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಅಗ್ಗದ ಬೆಲೆಗೆ ನಮ್ಮೂರುಗಳ ತನಕ ಬರುತ್ತಿದ್ದವು. 1984ರ ಏಪ್ರಿಲಿನಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಮೊದಲು ರಷ್ಯನ್ ಕಲಿಯಬೇಕಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾದ ಮೇಲೆ ಆ ಸೆಳೆತ ಕುಗ್ಗಿತು. ಈಗ ಕಲಿಯುವವರ ಕಾರಣಗಳು ಬೇರೆ.

ವೈದ್ಯಕೀಯ ಓದಲು ರಷ್ಯಕ್ಕೂ ಕಿರ್ಗಿಜ್‌ಸ್ತಾನಕ್ಕೂ ಹೋಗುವವರು ನಮ್ಮ ಕಡೆಯಿಂದಲೂ ಇದ್ದಾರೆ. ಪಾಠ ಇಂಗ್ಲಿಷಿನಲ್ಲಿ ಎಂದು ಹೇಳಿಯೇ ಕಳಿಸುತ್ತಾರೆ, ಅದು ಸುಳ್ಳಲ್ಲ. ಆದರೆ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟ ದಿನ ಹಾಸಿಗೆಯ ಮೇಲಿರುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಎಲ್ಲಿ ನೋವು, ಯಾವಾಗಿನಿಂದ, ಚುಚ್ಚುತ್ತದೆಯೋ ಉರಿಯುತ್ತದೆಯೋ ಎಂದು ಕೇಳಲಾಗದವರು ಆ ವರ್ಷಗಳಲ್ಲಿ ರೋಗಿಯಿಂದ ಕಲಿಯಬೇಕಾದುದನ್ನು ಕಳೆದುಕೊಳ್ಳುತ್ತಾರೆ. ಸೀಟಿನ ಶುಲ್ಕ ಹೊಂದಿಸುವ ತಂದೆತಾಯಿಗಳು ಮಗ ಅಥವಾ ಮಗಳು ವಿಮಾನ ಹತ್ತುವ ಮೊದಲು ಆರು ತಿಂಗಳು ರಷ್ಯನ್ ಕಲಿತರೋ ಎಂದು ವಿಚಾರಿಸುವುದು ಒಳ್ಳೆಯದು. ರಷ್ಯನ್ ಮಾಧ್ಯಮದಲ್ಲೇ ಬೇರೆ ಶಾಸ್ತ್ರ ಓದುವವರಿಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಪೂರ್ವಸಿದ್ಧತಾ ತರಗತಿ ಇರುತ್ತದೆ.

ಇದಕ್ಕಿಂತ ಕಹಿಯಾದ ಉದಾಹರಣೆಯೂ ಇದೆ. 2024ರ ಸೆಪ್ಟೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರೂ ಪಕ್ಕದ ತೆಲಂಗಾಣದ ನಾರಾಯಣಪೇಟೆಯ ಒಬ್ಬರೂ ರಷ್ಯದಿಂದ ಮರಳಿದರು. ಕಾವಲು ಕೆಲಸ, ಸಹಾಯಕರ ಕೆಲಸ ಎಂದು ದಲ್ಲಾಳಿಗಳು ನಂಬಿಸಿ ಕರೆದೊಯ್ದಿದ್ದರು. ಸಿಕ್ಕಿದ್ದು ಯುದ್ಧಭೂಮಿ. ಹೀಗೆ ಸಿಕ್ಕಿಬಿದ್ದ ಭಾರತೀಯರು ಸಹಿ ಮಾಡಿದ ಕರಾರು ರಷ್ಯನ್ ಭಾಷೆಯಲ್ಲಿತ್ತೆಂದು ಪತ್ರಿಕೆಗಳಲ್ಲಿ ಬಂತು. ಮರಳಿ ಬಾರದವರೂ ಇದ್ದಾರೆ. ಅಕ್ಷರಮಾಲೆ ಬಂದ ಮಾತ್ರಕ್ಕೆ ಕರಾರುಪತ್ರ ತಿಳಿಯುವುದಿಲ್ಲ ಎಂಬುದು ನಿಜ. ಆದರೆ 'ಸೈನ್ಯ' ಎಂಬ ಒಂದು ಪದವನ್ನು ಗುರುತಿಸಲು ಎರಡು ವಾರದ ಲಿಪಿಯೂ ಒಂದು ಚಿಕ್ಕ ನಿಘಂಟೂ ಸಾಕು. 'ಆರ್ಮಿಯ' ಎಂದು ಅದರ ಹೆಸರು, ಕೇಳಿದರೇ ತಿಳಿಯುವಂಥದ್ದು.

ಗೋವೆಯಲ್ಲಿ ಕಾರಣ ಇನ್ನೂ ಸರಳ. ಮೋರ್ಜಿ, ಆರಂಬೋಲಿನ ಕಡಲತೀರದಲ್ಲಿ ರಷ್ಯನ್ ಅಕ್ಷರಗಳ ಫಲಕಗಳು ಕಾಣಸಿಗುತ್ತವೆ. ಅಲ್ಲಿ ವ್ಯಾಪಾರಕ್ಕೂ ದುಡಿಮೆಗೂ ನಿಂತವರು 'ಸ್ಕೋಲ್ಕ' ಎಂದರೆ ಎಷ್ಟು ಎಂದು ಯಾವ ವ್ಯಾಕರಣವೂ ಇಲ್ಲದೆ ಕಲಿಯುತ್ತಾರೆ. ಕಿವಿಯಿಂದ ಕಲಿತದ್ದಾದ್ದರಿಂದ ಒತ್ತೂ ಸರಿಯಾಗಿರುತ್ತದೆ.

ಕೊನೆಯದಾಗಿ, ಓದುವ ಹವ್ಯಾಸದವರಿಗೆ ಒಂದು ಮಾತು. ರಷ್ಯನ್ನರಲ್ಲಿ 'ತೀ' ಎಂದರೆ ನೀನು, 'ವೀ' ಎಂದರೆ ನೀವು. ಗುರುಹಿರಿಯರನ್ನು 'ವೀ' ಎನ್ನುವುದಲ್ಲದೆ ಅವರ ಹೆಸರಿನ ಜೊತೆ ತಂದೆಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಇವಾನನ ಮಗ ಪ್ಯೋತರ್ ಆದರೆ ಪ್ಯೋತರ್ ಇವಾನವಿಚ್. ನಮ್ಮ ಇನಿಶಿಯಲ್ಲನ್ನು ಬಿಡಿಸಿ ಹೇಳಿದಂತೆ. ಇಬ್ಬರ ನಡುವಿನ ಮಾತು 'ವೀ'ಯಿಂದ 'ತೀ'ಗೆ ಇಳಿಯುವ ಕ್ಷಣ ಅವರ ಕಥೆ ಕಾದಂಬರಿಗಳಲ್ಲಿ ದೊಡ್ಡ ಘಟನೆ. ಪುಷ್ಕಿನ್ ಇದರ ಮೇಲೆಯೇ 1828ರಲ್ಲಿ ಒಂದು ಪುಟ್ಟ ಕವಿತೆ ಬರೆದ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಆ ಕ್ಷಣ ಅಲ್ಲಿ ಅಳಿಸಿಹೋಗುತ್ತದೆ. ತಾಲ್‌ಸ್ತಾಯ್, ಚೆಕಾವ್, ದಸ್ತಯೇವ್‌ಸ್ಕಿ ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಇಂಗ್ಲಿಷಿನ ಮೂಲಕ. ದೊಡ್ಡ ಶ್ರಮ ಅದು, ಅದರಿಂದಲೇ ನಾವೆಲ್ಲ ಆ ಲೇಖಕರನ್ನು ಓದಿದೆವು. ಆದರೆ ಹಾಗೆ ಅನುವಾದಿಸುವವರು ಪ್ರತಿ ಸಂಭಾಷಣೆಯಲ್ಲೂ 'ನೀನು' ಬರೆಯಬೇಕೋ 'ನೀವು' ಬರೆಯಬೇಕೋ ಎಂದು ಊಹಿಸಬೇಕಾಗುತ್ತದೆ. ಮೂಲದಲ್ಲಿ ಅದು ಸ್ಪಷ್ಟವಾಗಿ ಇದೆ, ಕನ್ನಡದಲ್ಲೂ ಅದಕ್ಕೆ ತಕ್ಕ ಪದ ಇದೆ. ಆ ಪುಟಗಳನ್ನು ಮೂಲದೊಡನೆ ಇಟ್ಟು ನೋಡಲು ಎರಡೂ ಭಾಷೆ ಬಲ್ಲವರು ಬೇಕು.